ಬೀಳುವವರಿಗೆ ಕಾಣುವ ಹಕ್ಕಿ

ನಾನು ಮೆಟ್ಟಿಲ ಮೇಲೆ ಜಾರಿ ಬಿದ್ದ ದಿನವೇ ಮಗಳಿಗೆ ಬಲ ಬಂದಿರುವುದು ಗೊತ್ತಾಯಿತು. ಬಿದ್ದೆ ಅಂದರೆ ಪೂರ್ತಿ ಬೀಳಲಿಲ್ಲ. ಜಾರುವಾಗ ಹಿಂದೆ ಬರುತ್ತಿದ್ದ ಮಗಳ ಮುಖ ಒಂದು ಕ್ಷಣ ಕಣ್ಣಿಗೆ ಬಿತ್ತು. ಮಣ್ಣಿನ ಕೊಡ ಹೋಗಿ ಕೆಳಗಿನ ಕಟ್ಟೆಗೆ ಬಡಿದು ಚೂರಾಯಿತು, ನಾನು ಮಾತ್ರ ಕಲ್ಲಿಗಿಂತ ಒಂದು ಗೇಣು ಮೇಲೆ, ಸೆರಗು ಜೋಲುಬಿಟ್ಟುಕೊಂಡು ಗಾಳಿಯಲ್ಲೇ ನಿಂತುಬಿಟ್ಟೆ. ಕತ್ತು ತಿರುಗಿಸಿ ನೋಡಿದರೆ ಹಿಂದೆ ಸರಸು ಬಲಗೈ ಚಾಚಿಕೊಂಡು ನಿಂತಿದ್ದಳು. ಇಪ್ಪತ್ತೆರಡು ವರ್ಷದ ಹುಡುಗಿ, ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದವಳ ಹಾಗೆ ಮುಖ ಮಾಡಿಕೊಂಡಿದ್ದಳು.

“ಇಳಿಸೇ,” ಅಂದೆ. ಇಳಿಸಿದಳು. “ಎಷ್ಟು ದಿನದಿಂದ?”

“ಹದಿನೈದು ದಿನ ಆಯ್ತಮ್ಮ. ಅಂಗೈ ಉರೀತಾನೇ ಇರತ್ತೆ. ಯಾರೋ ಒಳಗಿಂದ ಎಳೆದ ಹಾಗೆ.”

ಕೊಡ ಒಡೆದದ್ದಕ್ಕೆ ಬೈದೆ. ಅವಳು ಒಡೆದದ್ದಲ್ಲ, ಆದರೂ ಬೈದೆ. ಆ ಹೊತ್ತಿಗೆ ಬೈಯಲು ಸಿಕ್ಕಿದ್ದು ಅದೊಂದೇ.

ನಮ್ಮ ಊರು ಇರುವುದು ಒಂದು ದೊಡ್ಡ ಕಲ್ಲುಗಣಿಯ ಒಳಗೋಡೆಯಲ್ಲಿ. ಏಳು ಹಂತ, ಹಂತಕ್ಕೊಂದು ಬೀದಿ, ಬೀದಿಯಿಂದ ಬೀದಿಗೆ ಮೆಟ್ಟಿಲು, ಮೆಟ್ಟಿಲು ಇಲ್ಲದ ಕಡೆ ಏಣಿ. ಕೆಲಸ ಅಂದರೆ ಕಲ್ಲು ಒಡೆಯುವುದು, ಕಲ್ಲು ಇಳಿಸುವುದು. ಹೀಗಾಗಿ ಜನ ಬೀಳುತ್ತಾರೆ, ಕಲ್ಲಿನಡಿ ಸಿಗುತ್ತಾರೆ, ಸುರಂಗದಲ್ಲಿ ದಾರಿ ತಪ್ಪುತ್ತಾರೆ. ಬಲ ಬಂದವರು ಅವರನ್ನು ಉಳಿಸುತ್ತಾರೆ. ಬೇರೆ ಊರುಗಳಲ್ಲಿ ಇಂಥವರನ್ನು ಸೂಪರ್‌ಹೀರೋ ಅನ್ನುತ್ತಾರಂತೆ. ನಮ್ಮಲ್ಲಿ ಬಲದವರು ಅಂದರೆ ಮುಗಿಯಿತು. ಆದರೆ ಸುಮ್ಮಸುಮ್ಮನೆ ಉಳಿಸಲು ಬರುವುದಿಲ್ಲ. ಕಷ್ಟದಲ್ಲಿರುವವರು ಬಲದವರನ್ನು ನೋಡಿ, ‘ಓ, ಇವರು ಇಂಥವರು’ ಎಂದು ಗುರುತು ಹಿಡಿಯಬೇಕು. ಹಿಡಿದರೆ ಬಲ ನಡೆಯುತ್ತದೆ, ಇಲ್ಲವಾದರೆ ಚಾಚಿದ ಕೈ ಖಾಲಿ. ಮನೆಯವರಿಗೆ ಮುಖ ಸಾಕು. ಐದನೇ ಹಂತದಿಂದ ಬೀಳುತ್ತಿರುವವನಿಗೆ ಎದುರುಗೋಡೆಯಲ್ಲಿ ನಿಂತವಳ ಮುಖ ಎಲ್ಲಿಂದ ಕಾಣಬೇಕು? ಅದಕ್ಕೇ ಎದೆಗುರುತು. ಈಗಿನ ಹುಡುಗಿಯರು ಲೋಗೋ ಅನ್ನುತ್ತಾರೆ, ಅನ್ನಲಿ. ಆ ಗುರುತನ್ನು ಹೊಲಿಯುವವಳು ನಾನು, ಮೂರನೇ ಹಂತದ ರುಕ್ಕಕ್ಕ. ನನಗೆ ಮುಂಚೆ ನಮ್ಮತ್ತೆ ಹೊಲಿಯುತ್ತಿದ್ದರು.

ಕೆಲಸ ನೋಡಿದವರು ಇಷ್ಟೇನಾ ಅನ್ನುತ್ತಾರೆ. ಇಷ್ಟೇ. ನೂಲು ಎರಡು ಬಣ್ಣ, ಮೂರನೆಯದು ಬೇಡ. ಅಕ್ಷರ ಬೇಡ, ಜೀವಭಯದಲ್ಲಿ ಯಾರಿಗೂ ಓದು ಬರುವುದಿಲ್ಲ. ಸಣ್ಣ ಗೆರೆ ಬೇಡ, ಧೂಳು ತುಂಬಿದರೆ ಅಳಿಸಿಹೋಗುತ್ತದೆ. ಕಣ್ಣು ಅರ್ಧ ಮುಚ್ಚಿ ನೋಡಿದರೂ ಏನೆಂದು ತಿಳಿಯಬೇಕು, ಊರಲ್ಲಿರುವ ಬೇರೆ ಯಾರ ಗುರುತಿನ ನೆರಳೂ ಅದರ ಮೇಲೆ ಬೀಳಬಾರದು. ಗುರುತು ಬರೆದಾದ ಮೇಲೆ ಪಕ್ಕದ ಮನೆ ಭದ್ರಮ್ಮನಿಗೆ ಅವಳು ಪಾತ್ರೆ ತಿಕ್ಕುತ್ತಿರುವಾಗ ಒಂದೇ ಸಲ ತೋರಿಸುತ್ತೇನೆ. ಮಾರನೇ ದಿನ ಮೊರದಲ್ಲಿ ರಾಗಿಹಿಟ್ಟು ಹರವಿ, “ನಿನ್ನೆ ನೋಡಿದ್ದನ್ನ ಬೆರಳಲ್ಲಿ ಬರಿ ಭದ್ರಾ,” ಅನ್ನುತ್ತೇನೆ. ಬರೆದಳೋ, ಗುರುತು ಗೆದ್ದಿತು. “ಏನೋ ಹೂವಿನ ಥರ ಇತ್ತು ಕಣಕ್ಕ,” ಅಂದಳೋ, ಬಟ್ಟೆ ಒಲೆಗೆ. ಭದ್ರಮ್ಮ ಕಲ್ಲು ಸಾಗಿಸುವ ಬುಟ್ಟಿ ಹೆಣೆಯುವವಳು, ಬುಟ್ಟಿಗಳನ್ನು ಹೊತ್ತು ಹಂತ ಹಂತ ತಿರುಗುವವಳು. ಅವಳ ಕಣ್ಣು ಅಂದರೆ ಊರಿನ ಕಣ್ಣು.

ನನ್ನ ಕೈಯಿಂದ ಬಂದ ಗುರುತುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ನನ್ನ ಗಂಡ ಮರಿಸ್ವಾಮಿಯದು. ಅವರಿಗೆ ಬಂದದ್ದು ಜನರ ಮೈಮೇಲೆ ಬಿದ್ದ ಬಂಡೆ ಎತ್ತುವ ಬಲ. ಕಪ್ಪು ಪಟ್ಟಿ ಒಂದು, ಅದರಡಿ ಬಿಳಿ ಅಂಗೈ ಒಂದು. ಎಲ್ಲಿಂದ ನೋಡಿದರೂ, ಎಷ್ಟು ಧೂಳಿದ್ದರೂ ಕಾಣುತ್ತಿತ್ತು. ಮಕ್ಕಳು ಗೋಡೆಯ ಮೇಲೆಲ್ಲ ಇದ್ದಿಲಲ್ಲಿ ಅದನ್ನೇ ಗೀಚುತ್ತಿದ್ದರು. ನನಗೆ ಆಗ ಎಷ್ಟು ಜಂಬ ಅಂತೀರಿ. ಅದೇ ಮುಳುವಾಯಿತು. ಎಲ್ಲರಿಗೂ ಗುರುತು ಗೊತ್ತು, ಎಲ್ಲರೂ ಕರೆಯುವವರೇ. ಮರಿಸ್ವಾಮಿ ಇದ್ದಾನಲ್ಲ ಅಂತ ಬಿರುಕು ಬಿಟ್ಟ ಬಂಡೆಯಡಿಗೂ ಆಧಾರದ ಮರ ಕೊಡದೆ ನುಗ್ಗಿದರು. ಅವರು ಊಟಕ್ಕೆ ಕೂತರೆ ಕರೆ, ಎದ್ದರೆ ಕರೆ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ನಾನು ಜಗಳ ಆಡಿದರೆ ನಕ್ಕು ಓಡುತ್ತಿದ್ದರು. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೂರು ಕಡೆ ಬಂಡೆ ಎತ್ತಿ ಬಂದು ಜಗಲಿಯಲ್ಲಿ ಕೂತರು, ನೀರು ಕೇಳಿದರು, ನಾನು ಲೋಟ ತರುವಷ್ಟರಲ್ಲಿ ಎದೆ ನಿಂತಿತ್ತು. ನಲವತ್ತೆಂಟು ವಯಸ್ಸು. ಅವರನ್ನು ಕೊಂದದ್ದು ಬಂಡೆಯಲ್ಲ, ನನ್ನ ಸೂಜಿ. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಈಗ ಮಗಳು. ಅದೂ ಬೀಳುವವರನ್ನು ಹಿಡಿಯುವ ಬಲ. ಅಂಥ ಬಲವಿದ್ದ ತಿಮ್ಮಣ್ಣ ಮುದುಕ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಲ್ಲಿಂದೀಚೆಗೆ ಊರಿನವರೆಲ್ಲ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಗೋಡೆಗೆ ಇಳಿಯುತ್ತಿದ್ದರು. ಹಗ್ಗ ಕಟ್ಟಿದರೆ ಅರ್ಧ ಕೆಲಸವೂ ಆಗದು, ಬೈದುಕೊಂಡೇ ಕಟ್ಟುತ್ತಿದ್ದರು. ಹಾಗಿದ್ದೂ ನಾಲ್ಕು ವರ್ಷದಲ್ಲಿ ಏಳು ಜನ ಹೋಗಿದ್ದರು.

ಸುದ್ದಿ ಮುಚ್ಚಿಡೋಣ ಅಂದುಕೊಂಡೆ. ಆಗಲಿಲ್ಲ. ಗುರುತು ಸಿಗದ ಬಲ ಮೈಯಲ್ಲಿ ಸುಮ್ಮನಿರದು, ಮೈಯನ್ನೇ ಕಾಡುತ್ತದೆ. ಸರಸು ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಅನ್ನಕ್ಕೆ ಕೂತವಳು ಎದ್ದು ಬಾಗಿಲಿಗೆ ಹೋಗಿ ಬರುವಳು, ಮೆಟ್ಟಿಲು ಇಳಿಯುವಳು, ಹತ್ತುವಳು, ಅಂಗೈಯನ್ನು ತಣ್ಣನೆಯ ಕಲ್ಲಿಗೆ ಒತ್ತಿ ಹಿಡಿಯುವಳು. ಅವಳನ್ನು ನೋಡಿ ನೋಡಿ ನನಗೂ ಅದೇ ಹತ್ತಿತು. ಹಾಲು ಒಲೆಯ ಮೇಲಿಟ್ಟು ಹೊರಗೆ ಹೋಗುತ್ತಿದ್ದೆ, ಯಾಕೆ ಬಂದೆ ಅಂತ ಮರೆತು ಒಳಗೆ ಬಂದರೆ ಹಾಲು ಉಕ್ಕಿರುತ್ತಿತ್ತು. ಇಡೀ ಮನೆಯಲ್ಲಿ ಒಂದು ಕ್ಷಣ ಯಾರೂ ಸುಮ್ಮನೆ ಕೂತದ್ದು ನೆನಪಿಲ್ಲ.

ಪಂಚಾಯ್ತಿಯ ಹಿರಿಯ ಹೊಂಬಾಳಯ್ಯ ಬಂದೇಬಂದ. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಾ, “ಏನ್ ರುಕ್ಕಕ್ಕ, ಹುಡುಗಿಗೆ ಬಲ ಬಂದಿದೆಯಂತೆ, ಬಾಯೇ ಬಿಡಲಿಲ್ಲ?” ಅಂದ.

“ನಿಮಗೆ ಹೇಳಿ ಬರಲಿಲ್ಲ, ನನಗೂ ಹೇಳಿ ಬರಲಿಲ್ಲ.”

“ಮುಂದಿನ ವಾರ ನೋಟ ಇಟ್ಕೊಳ್ಳೋಣ, ಗುರುತು ಹೊಲಿದಿಡು, ಪಂಚಾಯ್ತಿಯವರು ನೋಡಿ ಒಪ್ತೀವಿ. ನಮ್ಮ ಚಿಕ್ಕಪ್ಪ ಗುರುತಿಲ್ಲದೆ ಎರಡು ತಿಂಗಳು ಇದ್ದು ಏನಾದ ಅಂತ ನೀನೂ ನೋಡಿದೀಯ.”

ನೋಡಿದ್ದೆ. ಆ ಮನುಷ್ಯ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತಿದ್ದ. ಸರಿ ಅಂದೆ.

ಗುರುತು ಹೊಲಿಯಲೇಬೇಕು. ಚೆನ್ನಾಗಿ ಹೊಲಿದರೆ ಮಗಳೂ ಅಪ್ಪನ ದಾರಿ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಎರಡು ದಿನ ನೂಲಿನ ಪೆಟ್ಟಿಗೆ ಮುಚ್ಚುವುದು ತೆಗೆಯುವುದು ಮಾಡಿದೆ. ಮೂರನೇ ದಿನ ಪಾಪದ ಯೋಚನೆ ಬಂತು. ಊರೆದುರು ಒಮ್ಮೆ ತೊಟ್ಟ ಗುರುತಿನ ನೂಲು ಬಿಚ್ಚಿದರೆ ಬಲ ಹೋಗಿಬಿಡುತ್ತದೆ, ಮೈಗೇನೂ ಆಗುವುದಿಲ್ಲ. ಹಿಂದೆ ಇಬ್ಬರು ಹಾಗೆ ಬಿಚ್ಚಿಸಿಕೊಂಡು ಹಾಯಾಗಿದ್ದಾರೆ. ಗುರುತು ಸರಿಯಾಗಿ ನಡೆಯದೆ ಹೋದರೆ, ನಾಲ್ಕು ಸಲ ಕೈ ಖಾಲಿಯಾದರೆ, ಇವಳೂ ಬೇಸತ್ತು ‘ನೂಲು ಬಿಚ್ಚಿಬಿಡಮ್ಮ’ ಅನ್ನುತ್ತಾಳೆ. ಹೇಗೂ ಜನರ ಸೊಂಟದಲ್ಲಿ ಹಗ್ಗ ಇದೆ, ಯಾರಿಗೂ ಏನೂ ಆಗದು. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಕೆಟ್ಟ ಗುರುತು ಹೊಲಿಯುವುದು ಕಷ್ಟ ಕಣ್ರಿ. ಪಂಚಾಯ್ತಿಯ ಆರು ಜನ ಎದುರುಗೋಡೆಯಲ್ಲಿ ನಿಂತು ನೋಡಿ ಒಪ್ಪಬೇಕು. ಅವರಿಗೆ ಕಾಣಬೇಕು, ಬೀಳುವವರಿಗೆ ಕಾಣಬಾರದು. ನಮ್ಮತ್ತೆ ತಿಮ್ಮಣ್ಣನಿಗೆ ಬರೀ ಒಂದು ದಪ್ಪ ಬಳೆ ಹೊಲಿದಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, “ಬೀಳುವವರು ತಲೆ ಕೆಳಗಾಗಿ ಬೀಳ್ತಾರೆ ಕಣೇ. ಅವರ ಕಣ್ಣಿಗೆ ಲೋಕವೇ ತಿರುಗುಮುರುಗು. ಹೇಗೆ ತಿರುಗಿಸಿದ್ರೂ ಒಂದೇ ಥರ ಇರಬೇಕು,” ಅಂದಿದ್ದರು. ಈ ಮಾತು ಈಗ ಊರಲ್ಲಿ ಗೊತ್ತಿರುವುದು ನನಗೊಬ್ಬಳಿಗೇ. ನಾನು ಒಂದು ಹಕ್ಕಿ ಬರೆದೆ. ಮೇಲೆ ಕಮಾನಿನ ಹಾಗೆ ಬಾಗಿದ ಎರಡು ರೆಕ್ಕೆ, ನಡುವಿನಿಂದ ಕೆಳಗಿಳಿದು ಚೂಪಾಗುವ ಮೈ. ಕಪ್ಪು ಬಟ್ಟೆ, ಹಳದಿ ನೂಲು. ತಿರುಗಿಸಿ ನೋಡಿದರೆ ರೆಕ್ಕೆ ಹೋಗಿ ಬಟ್ಟಲಾಗುತ್ತದೆ, ಮೈ ಹೋಗಿ ಉರಿಯಾಗುತ್ತದೆ. ಹಣತೆ. ಹಣತೆ ಅಂದರೆ ಸುರಂಗದಲ್ಲಿ ದಾರಿ ತಪ್ಪಿದವರನ್ನು ಕರೆತರುವ ಕೆಂಚವ್ವನ ಗುರುತು, ಅದನ್ನೂ ನಾನೇ ಹೊಲಿದಿದ್ದೆ. ಬೀಳುವವನು ನೋಡಿ ಕೆಂಚವ್ವ ಅಂದುಕೊಂಡರೆ ಸರಸುವಿನ ಕೈ ಖಾಲಿ.

ಭದ್ರಮ್ಮನಿಗೆ ತೋರಿಸಿದೆ. ಮಾರನೇ ದಿನ ಹಿಟ್ಟಿನಲ್ಲಿ ಒಂದೂ ತಪ್ಪಿಲ್ಲದೆ ಹಕ್ಕಿ ಬರೆದು, “ಇದುವರೆಗೂ ನೀನು ಮಾಡಿದ್ರಲ್ಲೆಲ್ಲ ಇದೇ ಮುದ್ದಾಗಿದೆ ಕಣಕ್ಕ. ಮಗಳಿಗಲ್ವಾ,” ಅಂದಳು. ನಾನು ಮೊರ ಎತ್ತಿ ಒಳಗಿಟ್ಟೆ.

ನೋಟದ ದಿನ ಬಿಸಿಲು ಚೆನ್ನಾಗಿತ್ತು. ಸರಸು ನಾಲ್ಕನೇ ಹಂತದ ಕಾವಲುಕಟ್ಟೆಯ ಮೇಲೆ ಎದೆಗುರುತು ತೊಟ್ಟು ನಿಂತಳು, ಆರು ಜನ ಆಚೆ ಗೋಡೆಯಲ್ಲಿ ನಿಂತು ಹಕ್ಕಿ, ಹಕ್ಕಿ ಅಂದರು. ಹೊಂಬಾಳಯ್ಯ ಮಾತ್ರ, “ಕೆಂಚವ್ವಂದೂ ಹಳದಿ ಅಲ್ವೇ?” ಅಂದ.

“ಹಕ್ಕಿಗೂ ಹಣತೆಗೂ ವ್ಯತ್ಯಾಸ ಗೊತ್ತಾಗದಷ್ಟು ಕುರುಡರೇನ್ರಿ ಇವರೆಲ್ಲ?” ಅಂತ ಗದರಿದೆ. ಅವನು ನಕ್ಕು ತಲೆಯಾಡಿಸಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ, ನಾನು ಅವನ ಕಣ್ಣು ತಪ್ಪಿಸಿ ದೂರ ಸರಿದು ನಿಂತೆ. ಸರಸು ಮಾತ್ರ ತಿಂಗಳ ಮೇಲೆ ಮೊದಲ ಸಲ ಒಂದೆಡೆ ನಿಂತಿದ್ದಳು. ಅಂಗೈ ತಣ್ಣಗಾಯ್ತಮ್ಮ ಅಂದಳು.

ಐದೇ ದಿನಕ್ಕೆ ಈರಪ್ಪ ಅನ್ನುವ ಕಲ್ಲುಕುಟಿಗ ಹಗ್ಗ ಹರಿದು ಬಿದ್ದ. ನನ್ನ ದುರದೃಷ್ಟವೋ ಅವನ ಪುಣ್ಯವೋ, ಆ ಮನುಷ್ಯ ಏಣಿಯಿಂದ ಜಾರಿದವನು ಕಾಲು ಕೆಳಗಾಗಿ ನೆಟ್ಟಗೆ ಬಿದ್ದ. ಹಕ್ಕಿ ಹಕ್ಕಿಯಾಗೇ ಕಂಡಿತು. ಸರಸು ಕೈ ಚಾಚಿದಳು, ನಡುಗಾಳಿಯಲ್ಲಿ ನಿಂತ. ಏಳು ಹಂತದಿಂದಲೂ ಜನ ಕೂಗಿದರು. ಅವಳು ಮನೆಗೆ ಬಂದು ಎರಡು ಮುದ್ದೆ ಉಂಡು ಮಲಗಿದಳು, ನಿದ್ದೆಯಲ್ಲೂ ನಗುತ್ತಿದ್ದಳು. ಅವಳಪ್ಪನದೇ ನಗು. ಅದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು, ಭಯವಾಯಿತು.

ಮಾರನೇ ದಿನದಿಂದ ಶುರು. “ಸರಸೂ, ಇವತ್ತು ನಮ್ಮ ಗೋಡೆ ಕಡೆ ನಿಂತ್ಕೊಳಮ್ಮ.” “ಸರಸಮ್ಮಾ, ನಮ್ಮ ಏಣಿ ಹಳೇದು.” ನಾನು ಅಂದುಕೊಂಡದ್ದೊಂದು, ಆದದ್ದೊಂದು. ಅವಳು ಹಂತದಿಂದ ಹಂತಕ್ಕೆ ಓಡುತ್ತಿದ್ದಳು, ನಾನು ಬುತ್ತಿ ಹಿಡಿದು ಅವಳ ಹಿಂದೆ ಓಡುತ್ತಿದ್ದೆ. ಹೇಳಿಬಿಡಲೇ ಅಂತ ದಿನಕ್ಕೆ ಹತ್ತು ಸಲ ಬಾಯಿತನಕ ಬರುತ್ತಿತ್ತು. ಹೇಳಿದರೆ ಸರಿಮಾಡು ಅನ್ನುತ್ತಾಳೆ. ನಾಳೆ ನೋಡೋಣ, ನಾಳೆ ನೋಡೋಣ ಅಂತ ತಳ್ಳಿದೆ.

ಆ ನಾಳೆ ಭದ್ರಮ್ಮ ಬಿದ್ದಳು. ಆರನೇ ಹಂತದಲ್ಲಿ ಬುಟ್ಟಿ ಇಳಿಸಲು ಬಗ್ಗಿದವಳು ಬುಟ್ಟಿಯ ಜೊತೆ ಮುಗ್ಗರಿಸಿ ತಲೆ ಕೆಳಗಾಗಿ ಬಂದಳು. ಸೊಂಟದಲ್ಲಿ ಹಗ್ಗ ಇರಲಿಲ್ಲ. ಸರಸು ಎದುರಿಗೇ ಇದ್ದಳು, ಎರಡೂ ಕೈ ಚಾಚಿದಳು, ನಾನು ಕೆಳಗಿನಿಂದ ನೋಡಿದೆ. ಭದ್ರಮ್ಮ ನಿಲ್ಲಲಿಲ್ಲ. ಎರಡನೇ ಹಂತದಲ್ಲಿ ಒಣಹುಲ್ಲಿನ ಬಣವೆ ಇದ್ದದ್ದಕ್ಕೆ ಜೀವ ಉಳಿಯಿತು. ಸೊಂಟದ ಮೂಳೆ ಮುರಿಯಿತು. ಮೂಳೆ ಕಟ್ಟುವವರು ಬಂದು ನೋಡಿ, ಇನ್ನು ಮೆಟ್ಟಿಲು ಹತ್ತುವುದು ಕನಸು ಅಂದರು.

ನಾವು ನೋಡಲು ಹೋದಾಗ ಸರಸು ಅವಳ ಕೈ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. “ಕೈ ಚಾಚಿದ್ದೆ ಭದ್ರತ್ತೆ. ಏನೂ ಬರಲೇ ಇಲ್ಲ.”

“ನೀನೆಲ್ಲಿದ್ದೆ ಮಗಾ? ನನಗೆ ಕಂಡಿದ್ದು ಕೆಂಚವ್ವ. ಈ ಬಿಸಿಲಲ್ಲಿ ಕೆಂಚವ್ವ ಯಾಕೆ ಬಂದಳು ಅಂದ್ಕೊಂಡೆ, ಅಷ್ಟೇ ಗೊತ್ತು. ನೀನಿದೀಯ ಅಂತಲೇ ನಾನು ಹಗ್ಗ ಕಟ್ಟಿರಲಿಲ್ಲ.”

ಸರಸು ಅಳು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ. ನೆಟ್ಟಗೆ ಎದ್ದು ಮನೆಗೆ ಬಂದು, ತೊಟ್ಟಿದ್ದ ಗುರುತಿನ ಬಟ್ಟೆಯನ್ನು ಕಳಚಿ ಚಾಪೆಯ ಮೇಲೆ ಹಾಸಿ, ಆ ಕಡೆಯಿಂದ ಒಮ್ಮೆ ನಿಂತು ನೋಡಿದಳು, ಈ ಕಡೆಯಿಂದ ಒಮ್ಮೆ ನಿಂತು ನೋಡಿದಳು. ನಾನು ಬಾಗಿಲಲ್ಲೇ ಇದ್ದೆ.

“ಅಮ್ಮ, ನಿನಗೆ ಗೊತ್ತಿತ್ತಾ?”

ಸುಳ್ಳು ಹೇಳಬಹುದಿತ್ತು. ವಯಸ್ಸಾಯಿತು, ತಪ್ಪಿಹೋಯಿತು ಅಂದಿದ್ದರೆ ನಂಬುತ್ತಿದ್ದಳು. “ಗೊತ್ತಿತ್ತು,” ಅಂದೆ. “ಗೊತ್ತಿದ್ದೇ ಮಾಡಿದೆ. ನಿಮ್ಮಪ್ಪನಿಗೆ ಚೆನ್ನಾಗಿ ಮಾಡಿಕೊಟ್ಟು ಕಳಕೊಂಡೆ. ನಿನ್ನನ್ನ ಕಳಕೊಳ್ಳೋ ಶಕ್ತಿ ನನಗಿಲ್ಲ ಸರಸು. ಈಗಲೂ ಕಾಲು ಹಿಡೀತೀನಿ, ನೂಲು ಬಿಚ್ಚಿಬಿಡ್ತೀನಿ, ಬಲ ಹೋಗ್ಲಿ. ಯಾರೂ ನಿನ್ನ ಕರೆಯಲ್ಲ. ಬದುಕು.”

“ಭದ್ರತ್ತೆ ಸೊಂಟ?”

ಮಾಡಿದ್ದುಣ್ಣೋ ಮಹರಾಯ ಅಂತಾರೆ, ಆದರೆ ಇಲ್ಲಿ ಮಾಡಿದ್ದು ನಾನು, ಉಣ್ಣುತ್ತಿರುವವಳು ಪಕ್ಕದ ಮನೆಯವಳು.

“ಅಪ್ಪ ನೀರು ಕೇಳಿದ್ದು ನೆನಪಿದೆ ನನಗೆ,” ಅಂದಳು ಸರಸು. “ನನಗೂ ಭಯ ಆಗತ್ತಮ್ಮ. ಆದ್ರೆ ಈರಪ್ಪಣ್ಣ ನಡುಗಾಳೀಲಿ ನಿಂತಾಗ ನನ್ನ ಕೈಯಲ್ಲಿ ಅವನ ಪೂರ್ತಿ ಭಾರ ಇತ್ತು. ಅದನ್ನ ಬಿಚ್ಚಿ ಎಸೀಲಿಕ್ಕೆ ನನ್ನ ಕೈಲಾಗಲ್ಲ. ನೀನು ಸರಿಮಾಡಿಕೊಡು. ಇಲ್ಲಾ, ಹೀಗೇ ತೊಟ್ಕೊಂಡು ಹೋಗ್ತೀನಿ, ಅರ್ಧ ಜನ ಉಳೀತಾರೆ, ಅರ್ಧ ಜನ ಸಾಯ್ತಾರೆ. ಮೊದಲು ಭದ್ರತ್ತೆಗೆ ಹೇಳಿ ಬಾ.”

ಹೋದೆ. ಹದಿನಾರು ಹೆಜ್ಜೆ ದೂರದ ಮನೆ, ಮೂರು ಸಲ ವಾಪಸ್ಸು ಬಂದು ನಾಲ್ಕನೇ ಸಲಕ್ಕೆ ಒಳಗೆ ಹೋದೆ. ಎಲ್ಲ ಹೇಳಿದೆ, ಒಂದನ್ನೂ ಮುಚ್ಚಲಿಲ್ಲ. ಭದ್ರಮ್ಮ ಛಾವಣಿ ನೋಡುತ್ತಾ ಕೇಳಿಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. “ಹಿಟ್ಟಲ್ಲಿ ನಾನೇ ಬರೆದಿದ್ನಲ್ಲ ಅಕ್ಕ,” ಅಂದಳು. ಮುಖ ಗೋಡೆಯ ಕಡೆ ತಿರುಗಿಸಿ, “ಹೋಗು. ಈಗ ನಿನ್ನ ಮುಖ ನೋಡೋಕಾಗ್ತಿಲ್ಲ,” ಅಂದಳು. ಇವತ್ತಿಗೂ ನನ್ನ ಜೊತೆ ಮಾತಿಲ್ಲ. ನಾನು ಊಟ ಕೊಂಡುಹೋಗಿ ಇಡುತ್ತೇನೆ, ಉಣ್ಣುತ್ತಾಳೆ, ತಟ್ಟೆ ತೊಳೆದು ತರುತ್ತೇನೆ.

ತೊಟ್ಟ ಗುರುತಿನ ನೂಲು ಬಿಚ್ಚುವಂತಿಲ್ಲ, ಆದರೆ ಸೇರಿಸಬಹುದು. ಪೆಟ್ಟಿಗೆಯಿಂದ ಬಿಳಿ ನೂಲು ತೆಗೆದೆ. ಸರಸುವೇ ಸೂಜಿಗೆ ಪೋಣಿಸಿಕೊಟ್ಟಳು. ಹಳದಿ ಹಕ್ಕಿಯ ಸುತ್ತ ದಪ್ಪನೆಯ ಬಿಳಿ ಅಂಚು ಹಾಕಿದೆ. ಕೆಳಗೆ ಅದರ ಬಾಲಕ್ಕೆ ಬಾಲ ತಾಗಿಸಿ ಇನ್ನೊಂದು ಬಿಳಿ ಹಕ್ಕಿ ಹೊಲಿದೆ, ತಲೆ ಕೆಳಗಾದದ್ದು. ಈಗ ಯಾವ ಕಡೆಯಿಂದ ನೋಡಿದರೂ ಒಂದು ಹಕ್ಕಿ ಮೇಲಕ್ಕೆ ಹಾರುತ್ತದೆ. ಕೆಂಚವ್ವ ಎಲ್ಲೂ ಇಲ್ಲ. ಹೊಲಿಯುತ್ತಾ ಹೊಲಿಯುತ್ತಾ ನನಗೇ ಗೊತ್ತಾಗುತ್ತಿತ್ತು, ಇದು ಮರಿಸ್ವಾಮಿಯ ಗುರುತಿಗಿಂತಲೂ ಚೆನ್ನಾಗಿ ಬರುತ್ತಿದೆ ಅಂತ. ಆದರೂ ಒಂದು ಹೊಲಿಗೆಯನ್ನೂ ಸಡಿಲ ಬಿಡಲಿಲ್ಲ. ನೂಲು ಹಲ್ಲಿನಲ್ಲಿ ಕಡಿದು ಕೊಟ್ಟೆ.

ಸರಸು ತೊಟ್ಟುಕೊಂಡು ಕಾವಲುಕಟ್ಟೆಗೆ ಹತ್ತಿ ನಿಂತಳು. ನಾನು ಕೆಳಗಿನ ಬೀದಿಯಲ್ಲಿ ಅವಳಿಗೆ ಬೆನ್ನು ಹಾಕಿ ನಿಂತು, ಸೀರೆ ಒತ್ತಿಹಿಡಿದು, ಸೊಂಟ ಬಗ್ಗಿಸಿ ಕಾಲುಗಳ ನಡುವಿನಿಂದ ಮೇಲೆ ನೋಡಿದೆ. ಐವತ್ತು ದಾಟಿದ ಹೆಂಗಸು ನಡುಬೀದಿಯಲ್ಲಿ ಹಾಗೆ ನಿಂತರೆ ಜನ ನಗದೆ ಬಿಡುತ್ತಾರೆಯೇ, ನಕ್ಕರು. ಹಕ್ಕಿ ಕಂಡಿತು. ರೆಪ್ಪೆ ಅರ್ಧ ಮುಚ್ಚಿದೆ, ಕಂಡಿತು. ಕಣ್ಣಲ್ಲಿ ನೀರು ತುಂಬಿ ಎಲ್ಲ ಕಲಸಿಹೋದ ಮೇಲೂ ಅದೊಂದು ಕಾಣುತ್ತಲೇ ಇತ್ತು. ಇನ್ನು ನನ್ನ ಮಗಳು ಈ ಊರಿನಲ್ಲಿ ಯಾರ ಕಣ್ಣಿಗೂ ತಪ್ಪುವುದಿಲ್ಲ.

ನೆಟ್ಟಗಾಗಿ ನೋಡಿದರೆ ಐದನೇ ಹಂತದಲ್ಲಿ ಈರಪ್ಪ ಗುರುತಿನ ಕಡೆ ಕೈಯೆತ್ತಿ ಮುಗಿದು, ಸೊಂಟದ ಹಗ್ಗ ಬಿಚ್ಚುತ್ತಿದ್ದ.

ಮೆಟ್ಟಿಲುಗಳನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಕಾವಲುಕಟ್ಟೆಗೆ ಬಂದು ಮಗಳ ಪಕ್ಕ ನಿಂತು, ಗಂಟಲು ಹರಿಯುವಂತೆ ಕೂಗಿದೆ. “ಏಯ್ ಈರಪ್ಪ, ಕಟ್ಕೊಳ್ಳೋ ಹಗ್ಗ. ಕೆಲಸಕ್ಕೆ ಬಂದಿದೀಯೋ ಸಾಯೋಕೆ ಬಂದಿದೀಯೋ?”

“ಯಾಕಕ್ಕ ಹಂಗೆ ಬೈತೀಯ?” ಅವನು ನಗುತ್ತಾ ಆಚೆಯಿಂದ ಕೂಗಿದ. “ನಿನ್ನ ಮಗಳು ಇದಾಳಲ್ಲ.”

“ಅವಳು ಇದಾಳೆ ಅಂತಲೇ ಬೈತಿರೋದು. ಇರಬೇಕು ಅಂತ ಬೈತಿರೋದು. ಕಟ್ಕೋ.”

ಅವನು ಗೊಣಗುತ್ತಾ ಕಟ್ಟಿಕೊಂಡ. ಸರಸು ನನ್ನ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು. ನಾನು ಆರನೇ ಹಂತದ ಕಡೆ ತಿರುಗಿದೆ. ಅಲ್ಲಿ ಇನ್ನಿಬ್ಬರು ಬಿಚ್ಚುತ್ತಿದ್ದರು.